1968ರ ಟೈಗರ್ಸ್ ಬೇಸ್‌ಬಾಲ್ ಸೀಸನ್‌ನ ಮನೇಲೇ ಮತ್ತೆ ಆಡಿದ್ದು: ನನ್ನ ಅನುಭವ

ಸ್ಕೂಲಲ್ಲಿ ಬುಕ್ ಕ್ರಿಕೆಟ್ ಆಡಿದೋರಿಗೆ ಇದನ್ನ ಹೇಳೋದು ಸುಲಭ. ಸಮಾಜ ಪುಸ್ತಕ ಫಟ್ ಅಂತ ತೆಗೆಯೋದು, ಪುಟದ ಕೊನೇ ಅಂಕಿ 4 ಆದ್ರೆ ಫೋರ್, 6 ಆದ್ರೆ ಸಿಕ್ಸ್, ಸೊನ್ನೆ ಬಂತು ಅಂದ್ರೆ ಔಟ್, ಸ್ಕೋರ್ ಎಲ್ಲಾ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ. ಅದರಲ್ಲಿ ನಂಗಿದ್ದ ಒಂದೇ ಬೇಜಾರು ಅಂದ್ರೆ ತೆಂಡೂಲ್ಕರ್‌ಗೂ ವೆಂಕಟೇಶ್ ಪ್ರಸಾದ್‌ಗೂ ಅದೇ ಪುಸ್ತಕ, ಅದೇ ಪುಟ, ಯಾರು ಬೇಕಾದ್ರೂ ಸೆಂಚುರಿ ಹೊಡೀಬೋದಿತ್ತು. ಮಿಶಿಗನ್‌ಗೆ ಬಂದು ಎಷ್ಟೋ ವರ್ಷ ಆದ್ಮೇಲೆ, ಪಕ್ಕದ ಮನೆ ಅಜ್ಜ ಒಬ್ರು ಅವರ ಬೇಸ್‌ಮೆಂಟ್‌ನಲ್ಲಿ ಸ್ಟ್ರ್ಯಾಟ್-ಓ-ಮ್ಯಾಟಿಕ್ ಅನ್ನೋ, ಕಾರ್ಡು-ಡೈಸಲ್ಲಿ ಆಡೋ ಬೇಸ್‌ಬಾಲ್ ಆಟದ ಡಬ್ಬ ತೆಗೆದು ತೋರಿಸಿದಾಗ ನಂಗೆ ಮೊದಲು ಹೊಳೆದಿದ್ದೇ ಇದು, ಇಲ್ಲಿ ಪ್ರತಿಯೊಬ್ಬನಿಗೂ ಅವನದೇ ಪುಸ್ತಕ ಇದೆ!

1961ರಲ್ಲಿ ಹ್ಯಾಲ್ ರಿಚ್‌ಮನ್ ಅನ್ನೋರು ಶುರು ಮಾಡಿದ ಆಟ ಇದು. ಒಂದು ಸೀಸನ್‌ನಲ್ಲಿ ಆಟಗಾರ ನಿಜವಾಗ್ಲೂ ಹೇಗೆ ಆಡಿದ್ನೋ ಅದನ್ನೆಲ್ಲಾ ಲೆಕ್ಕ ಹಾಕಿ ಒಂದೊಂದು ಕಾರ್ಡಿಗೆ ಇಳಿಸಿರ್ತಾರೆ. ಮೂರು ಡೈಸ್ ಒಟ್ಟಿಗೆ ಎಸೀಬೇಕು, ಬಣ್ಣ ಬೇರೆ ಇರೋ ಒಂದು ಡೈಸಲ್ಲಿ 1, 2, 3 ಬಂದ್ರೆ ಬ್ಯಾಟರ್ ಕಾರ್ಡ್ ನೋಡ್ಬೇಕು, 4, 5, 6 ಬಂದ್ರೆ ಪಿಚರ್ (ಚೆಂಡು ಎಸೆಯೋನು) ಕಾರ್ಡ್, ಉಳಿದ ಎರಡರ ಮೊತ್ತ ಆ ಅಂಕಿಯ ಕಾಲಮ್‌ನಲ್ಲಿ ಎಷ್ಟನೇ ಸಾಲು ಅಂತ ಹೇಳತ್ತೆ. ಎರಡು ಡೈಸ್ ಸೇರಿ 7 ಬರೋದು 36ರಲ್ಲಿ 6 ಸಲ, 2 ಅಥ್ವಾ 12 ಬರೋದು ಒಂದೊಂದೇ ಸಲ, ಹಾಗಾಗಿ ಒಬ್ಬನ ಕಾರ್ಡಲ್ಲಿ 7ರ ಮುಂದೆ ಏನಿದೆ ಅಂತ ನೋಡಿದ್ರೆ ಅವನ ಜಾತಕವೇ ಅರ್ಧ ಗೊತ್ತಾಗತ್ತೆ. ಕೆಲವು ಸಾಲಲ್ಲಿ ಉತ್ತರ ನೇರವಾಗಿ ಇರಲ್ಲ, 20 ಮುಖದ ಡೈಸ್ ಎಸೆದು ನೋಡ್ಬೇಕು, ಚೆಂಡು ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲೋ ಫೀಲ್ಡರ್) ಕಡೆ ಹೋಯ್ತು ಅಂತ ಬಂದ್ರೆ ಆ ಫೀಲ್ಡರ್ ರೇಟಿಂಗ್ ಎಷ್ಟು ಅಂತ ಚಾರ್ಟ್ ತೆಗೀಬೇಕು, 1 ಅಂದ್ರೆ ಬೆಸ್ಟು.

1968 ಯಾಕೆ ಅಂದ್ರೆ ಆ ಅಜ್ಜನ ಸೀಸನ್ ಅದು. ಹುಡುಗನಾಗಿದ್ದಾಗ ದಿಂಬಿನ ಕೆಳಗೆ ಟ್ರಾನ್ಸಿಸ್ಟರ್ ಇಟ್ಕೊಂಡು ಅರ್ನಿ ಹಾರ್ವೆಲ್ ಕಾಮೆಂಟ್ರಿ ಕೇಳ್ತಿದ್ರಂತೆ. 1967ರ ಬೇಸಿಗೇಲಿ ಡೆಟ್ರಾಯಿಟ್ ಗಲಭೇಲಿ ಹೊತ್ತಿ ಉರಿದಿತ್ತು, ಮಾರನೇ ವರ್ಷ ಅದೇ ಊರಿನ ಟೀಮ್ ಟೈಗರ್ಸ್ 103 ಮ್ಯಾಚ್ ಗೆದ್ದು, ಎರಡು ಲೀಗ್ ಚಾಂಪಿಯನ್‌ಗಳ ಫೈನಲ್ ಆದ ವರ್ಲ್ಡ್ ಸೀರೀಸೂ ತಗೊಂತು. ಬೇಸ್‌ಬಾಲಲ್ಲಿ ಪ್ರತಿ ಗೆಲುವನ್ನೂ ಒಬ್ಬ ಪಿಚರ್ ಹೆಸರಿಗೆ ಬರೀತಾರೆ, ಅವರ ಪಿಚರ್ ಡೆನ್ನಿ ಮ್ಯಾಕ್ಲೇನ್ ಒಬ್ನೇ 31 ಗೆದ್ದ, ಅಲ್ಲಿಂದ ಇವತ್ತಿನವರೆಗೆ ಒಂದು ಸೀಸನ್‌ನಲ್ಲಿ 30 ಗೆದ್ದ ಪಿಚರ್ ಇನ್ನೊಬ್ಬ ಇಲ್ಲ. ಪಿಚರ್‌ಗಳದ್ದೇ ವರ್ಷ ಅದು, ಕಾರ್ಲ್ ಯಸ್ಟ್ರೆಮ್‌ಸ್ಕಿ ಬರೀ .301 ಸರಾಸರೀಲಿ (ಹತ್ತರಲ್ಲಿ ಮೂರು ಸಲ ಹಿಟ್) ಟೈಗರ್ಸ್ ಇದ್ದ ಅಮೆರಿಕನ್ ಲೀಗಿನ ಬ್ಯಾಟಿಂಗ್ ಚಾಂಪಿಯನ್ ಆದ, ಬ್ಯಾಟರ್‌ಗಳಿಗೆ ಅನುಕೂಲ ಆಗ್ಲಿ ಅಂತ ಮುಂದಿನ ವರ್ಷ ಪಿಚರ್ ನಿಲ್ಲೋ ದಿಬ್ಬದ ಎತ್ತರಾನೇ 15 ಇಂಚಿಂದ 10ಕ್ಕೆ ಇಳಿಸಿಬಿಟ್ರು.

ಇಡೀ ಲೀಗ್ ಆಡೋಕೆ ಹೋಗ್ಲಿಲ್ಲ, 10 ಟೀಮ್ ಇರೋ ಲೀಗಲ್ಲಿ ಅದು 810 ಮ್ಯಾಚ್ ಆಗತ್ತೆ. ಟೈಗರ್ಸ್‌ದು 162 ಮಾತ್ರ. ಬೇರೆ ಟೀಮುಗಳು ತಮ್ಮತಮ್ಮಲ್ಲೇ ಆಡಿದ್ದಕ್ಕೆ ನಿಜವಾದ ಫಲಿತಾಂಶಾನೇ ಇಟ್ಕೊಂಡೆ, ಟೈಗರ್ಸ್ ವಿರುದ್ಧ ಆಡಿದ್ದಕ್ಕೆ ನನ್ನ ಫಲಿತಾಂಶ, ಎರಡೂ ಸೇರ್ಸಿದ್ರೆ ಪಾಯಿಂಟ್ಸ್ ಟೇಬಲ್ ರೆಡಿ. ವೇಳಾಪಟ್ಟಿ, ಯಾವತ್ತು ಯಾರು ಪಿಚ್ ಮಾಡಿದ್ರು ಎಲ್ಲಾ ರೆಟ್ರೋಶೀಟ್ ಅನ್ನೋ ವೆಬ್‌ಸೈಟ್‌ನಲ್ಲಿ ಫ್ರೀಯಾಗಿ ಸಿಗತ್ತೆ. ನವೆಂಬರ್‌ನಲ್ಲಿ ಹಿಮ ಬೀಳೋಕೆ ಶುರುವಾದಾಗ ನಾನೂ ಶುರು ಮಾಡಿದೆ, ರಾತ್ರಿ ಊಟ ಆದ್ಮೇಲೆ ಒಂದು ಮ್ಯಾಚು, ಕೈ ಪಳಗಿದ ಮೇಲೆ ಅರ್ಧ ಗಂಟೆ. ಸ್ಕೋರ್‌ಶೀಟ್ ಪೆನ್ಸಿಲಲ್ಲೇ ಬರೀತೀನಿ, ವಾರಕ್ಕೊಂದ್ಸಲ ಕೂತು ಸ್ಪ್ರೆಡ್‌ಶೀಟ್‌ಗೆ ಹಾಕ್ತೀನಿ. ದಯವಿಟ್ಟು ಇದನ್ನ ಮುಂದಕ್ಕೆ ಹಾಕ್ಬೇಡಿ, ನಾನು ಒಂದ್ಸಲ 14 ಮ್ಯಾಚ್ ಬಾಕಿ ಉಳಿಸ್ಕೊಂಡು ಒಂದು ಇಡೀ ಭಾನುವಾರ ಅದಕ್ಕೇ ಹೋಯ್ತು.

ಆಟದ ಏಪ್ರಿಲ್‌ನಲ್ಲಿ, ಅಂದ್ರೆ ಸೀಸನ್ ಶುರುವಿನಲ್ಲಿ, ನಾನು ಮಾಡಿದ ತಪ್ಪು ಅಂದ್ರೆ ಮ್ಯಾಕ್ಲೇನ್‌ನ ಬೇಕಾಬಿಟ್ಟಿ ಇಳಿಸಿದ್ದು. ಅವನು ನಿಜವಾಗ್ಲೂ 41 ಮ್ಯಾಚ್ ಶುರು ಮಾಡಿ 336 ಇನಿಂಗ್ಸ್ ಹಾಕಿದೋನು, ಇನ್ನೂ ಸ್ವಲ್ಪ ಹಾಕಿದ್ರೇನು ಅಂತ ಮೂರು ದಿನಕ್ಕೊಂದ್ಸಲ ಕಳಿಸ್ತಿದ್ದೆ, ಕಾಗದದ ಕಾರ್ಡಿಗೆ ಭುಜ ನೋವು ಬರಲ್ವಲ್ಲ. ಆದ್ರೆ ಆಮೇಲೆ ಇದು ಮೋಸ ಅನ್ನಿಸೋಕೆ ಶುರುವಾಯ್ತು, 19 ಮ್ಯಾಚ್ ಆಡಿದ್ದನ್ನ ಹರಿದು ಹಾಕಿ ಮೊದಲಿಂದ ಶುರು ಮಾಡಿದೆ. ಈ ಸಲ ನಿಯಮ ಹಾಕ್ಕೊಂಡೆ: ನಿಜವಾದ ಇನಿಂಗ್ಸ್‌ಗಿಂತ ಶೇಕಡಾ 5ಕ್ಕೆ ಜಾಸ್ತಿ ಯಾರೂ ಹಾಕಂಗಿಲ್ಲ, ಗಾಯ ಆದೋರು ಆ ದಿನಗಳಲ್ಲಿ ಹೊರಗೇ. ಅಂದ್ರೆ ಮೇ ಕೊನೇಲಿ ಟೀಮಿನ ಸ್ಟಾರ್ ಔಟ್‌ಫೀಲ್ಡರ್ ಆಲ್ ಕೇಲೈನ್ ಕೈ ಮೂಳೆ ಮುರಿದಾಗ ನನ್ನ ಟೀಮಿಂದಾನೂ ಹೋಗ್ತಾನೆ. ಅವನ ಕಾರ್ಡ್ ತೆಗೆದು ಡಬ್ಬದೊಳಗೆ ಇಟ್ಟಾಗ ನಿಜವಾಗ್ಲೂ ಹೊಟ್ಟೇಲಿ ಒಂಥರಾ ಆಯ್ತು.

ಈಗ ಅಸಲು ವಿಷಯಕ್ಕೆ ಬರ್ತೀನಿ, ರೇ ಓಯ್ಲರ್. ಟೈಗರ್ಸ್ ಶಾರ್ಟ್‌ಸ್ಟಾಪ್. ಆ ವರ್ಷ ಅವನ ಬ್ಯಾಟಿಂಗ್ ಸರಾಸರಿ .135. ಪುಸ್ತಕದಲ್ಲಿ ಓದಿದ್ರೆ ಅದೊಂದು ನಂಬರ್ ಅಷ್ಟೆ, ಆದ್ರೆ ಆ ಕಾರ್ಡ್ ಇಟ್ಕೊಂಡು ವಾರಗಟ್ಟಲೆ ಡೈಸ್ ಎಸೆದು ನೋಡಿ, ಔಟು, ಔಟು, ಮತ್ತೆ ಔಟು, ಅವನ ಸರದಿ ಬಂತು ಅಂದ್ರೆ ಇನಿಂಗ್ಸ್ ಮುಗೀತು ಅಂತ ಪೆನ್ಸಿಲ್ ಕೆಳಗಿಡೋಷ್ಟು. ಎದುರು ಟೀಮಿಗೆ ಡೈಸ್ ಹಾಕ್ತಿದ್ದ ನನ್ನ ಮಗಳು "ಅಪ್ಪಾ, ಇವ್ನನ್ನ ಯಾಕೆ ಆಡಿಸ್ತೀಯ, ತೆಗ್ದಾಕು" ಅಂತಿದ್ಲು. ತೆಗೆದೆ. ಹತ್ತು ದಿನ ಬೇರೆಯವರನ್ನ ನಿಲ್ಲಿಸಿದ ಮೇಲೆ, ಚೆಂಡು ಆ ಕಡೆ ಹೋದಾಗೆಲ್ಲಾ ಚಾರ್ಟಲ್ಲಿ ಸಿಂಗಲ್, ಎರರ್ ಅಂತ ಬರೋಕೆ ಶುರುವಾದಾಗ ಗೊತ್ತಾಯ್ತು ಮ್ಯಾನೇಜರ್ ಮೇಯೋ ಸ್ಮಿತ್ ಯಾಕೆ ಅವನನ್ನ ಇಟ್ಕೊಂಡಿದ್ರು ಅಂತ. ಒಂದು, ಎರಡು ರನ್ನಲ್ಲಿ ಮ್ಯಾಚ್ ತೀರ್ಮಾನ ಆಗೋ ವರ್ಷದಲ್ಲಿ ಕ್ಯಾಚ್ ಹಿಡಿಯೋನು, ಎಸೆಯೋನು ಬೇಕು.

ನನ್ನ ಟೈಗರ್ಸ್ 97 ಗೆದ್ದು 65 ಸೋತ್ರು, ಬಾಲ್ಟಿಮೋರ್‌ಗಿಂತ ಎರಡೇ ಎರಡು ಮ್ಯಾಚ್ ಮುಂದೆ. ನಿಜದಲ್ಲಿ 12 ಮುಂದೆ ಇದ್ರು. ಮ್ಯಾಕ್ಲೇನ್ 26 ಗೆದ್ದ. ಪಿಚರ್ ಅರ್ಲ್ ವಿಲ್ಸನ್ ಬ್ಯಾಟಲ್ಲಿ 5 ಹೋಮ್ ರನ್ ಹೊಡೆದ, ಆಗಿನ್ನೂ ಪಿಚರ್‌ಗಳೂ ಬ್ಯಾಟ್ ಮಾಡ್ಬೇಕಿತ್ತಲ್ಲ, ನಿಜದಲ್ಲಿ ಅವನದು 7.

ಆಮೇಲೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಜೊತೆ ವರ್ಲ್ಡ್ ಸೀರೀಸ್, ಅವರ ಪಿಚರ್ ಬಾಬ್ ಗಿಬ್ಸನ್ ಕಾರ್ಡ್ ನಾನು ಮೊದಲ ಸಲ ಕೈಗೆ ತಗೊಂಡಿದ್ದು ಆವಾಗ್ಲೇ. ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಕೊಟ್ಟ ರನ್) 1.12, ನಿಜದ ಮೊದಲ ಮ್ಯಾಚಲ್ಲಿ ಇದೇ ಟೈಗರ್ಸ್ ವಿರುದ್ಧ 17 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಬ್ಯಾಟರ್ ಔಟು) ಮಾಡಿದೋನು. ಮೇಯೋ ಸ್ಮಿತ್ ಇಲ್ಲಿ ಮಾಡಿದ್ದು ಇವತ್ತಿಗೂ ಜನ ಮಾತಾಡ್ತಾರೆ. ಕೇಲೈನ್ ವಾಪಸ್ ಬಂದಿದ್ದ, ಔಟ್‌ಫೀಲ್ಡಲ್ಲಿ ಹಾರ್ಟನ್, ನಾರ್ತ್‌ರಪ್, ಸ್ಟ್ಯಾನ್ಲಿ ಇದ್ರು, ಮೂರು ಜಾಗಕ್ಕೆ ನಾಲ್ಕು ಜನ. ಸ್ಮಿತ್ ಅವರು ಸೆಂಟರ್ ಫೀಲ್ಡರ್ ಮಿಕ್ಕಿ ಸ್ಟ್ಯಾನ್ಲಿನ ಸೀಸನ್ ಕೊನೇಲಿ ಕೆಲವೇ ಮ್ಯಾಚ್ ಶಾರ್ಟ್‌ಸ್ಟಾಪಲ್ಲಿ ನಿಲ್ಲಿಸಿ ನೋಡಿ, ಸೀರೀಸಿನ ಏಳೂ ಮ್ಯಾಚಲ್ಲಿ ಓಯ್ಲರ್ ಬದಲು ಅಲ್ಲೇ ಶುರು ಮಾಡಿಸಿದ್ರು, ಕೇಲೈನ್‌ಗೆ ಔಟ್‌ಫೀಲ್ಡಲ್ಲಿ ಜಾಗ ಆಯ್ತು. ಕೇಲೈನ್ .379 ಹೊಡೆದ.

ನಂಗೆ ಧೈರ್ಯ ಬರ್ಲಿಲ್ಲ. ಐದು ತಿಂಗಳಿಂದ ಓಯ್ಲರ್ ಗ್ಲವ್ ನಂಬ್ಕೊಂಡು ಬಂದಿದ್ದೆ, ಈಗ ಬಿಡೋಕೆ ಆಗ್ಲಿಲ್ಲ, ಕೇಲೈನ್‌ನ ಬೆಂಚಲ್ಲಿ ಕೂರಿಸಿದೆ. ಏಳನೇ ಮ್ಯಾಚ್ ತನಕ ಹೋಯ್ತು. ಎಂಟನೇ ಇನಿಂಗ್ಸು, 2-1 ಹಿಂದೆ, ಎರಡು ಬೇಸಲ್ಲಿ ಜನ, ಎರಡು ಔಟ್, ಓಯ್ಲರ್ ಸರದಿ. ಅವನ ಬದಲು ಕೇಲೈನ್‌ನ ಕಳಿಸಿದೆ. ಬಣ್ಣದ ಡೈಸ್ 5 ಬಿತ್ತು, ಅಂದ್ರೆ ಗಿಬ್ಸನ್ ಕಾರ್ಡ್. ಸ್ಟ್ರೈಕ್‌ಔಟ್. ಒಂಬತ್ತನೇದರಲ್ಲಿ ಏನೂ ಆಗ್ಲಿಲ್ಲ.

ಮಾರನೇ ದಿನ ಸ್ಕೋರ್‌ಶೀಟ್ ತಗೊಂಡು ಅಜ್ಜನ ಮನೆಗೆ ಹೋದೆ. ಅವರು ರನ್ ಎಷ್ಟು ಅಂತ ನೋಡ್ಲೇ ಇಲ್ಲ, ಕನ್ನಡಕ ಹಾಕ್ಕೊಂಡು ಬೆರಳು ನೇರ ಶಾರ್ಟ್‌ಸ್ಟಾಪ್ ಸಾಲಿನ ಮೇಲೆ ಇಟ್ರು, ಏಳೂ ಹಾಳೆ ತಿರುವಿ ನೋಡಿ, ಸ್ಟ್ಯಾನ್ಲಿ ಎಲ್ಲಿ ಅಂತ ಕೇಳಿದ್ರು.

ಆ ವರ್ಲ್ಡ್ ಸೀರೀಸ್ ಮಾತ್ರ ಮತ್ತೆ ಆಡ್ತಿದೀನಿ, ಈ ಸಲ ಅವರ ಬೇಸ್‌ಮೆಂಟ್‌ನಲ್ಲೇ, ಕಾರ್ಡಿನಲ್ಸ್‌ಗೆ ಡೈಸ್ ಹಾಕೋದು ಅವರು. ಸ್ಟ್ಯಾನ್ಲಿ ಶಾರ್ಟ್‌ಸ್ಟಾಪಲ್ಲಿ ಇದಾನೆ. ಎರಡು ಮ್ಯಾಚ್ ಆಯ್ತು, 1-1, ಅವನ ಕಡೆ ಚೆಂಡು ಇನ್ನೂ ಮೂರೇ ಸಲ ಬಂದಿರೋದು, ಮೂರನ್ನೂ ಹಿಡಿದಿದಾನೆ.