ಊರ ರೈಲು ನಿಲ್ದಾಣದ ಚರಿತ್ರೆಯನ್ನು ದಾಖಲಿಸುವ ಬಗೆ

ಅಸ್ನೋಟಿಯಿಂದ ಭಟ್ಕಳದವರೆಗೆ ನಮ್ಮ ಕರಾವಳಿಯ ಯಾವ ನಿಲ್ದಾಣದ ಚರಿತ್ರೆಯನ್ನು ಬರೆಯಲು ಹೊರಟರೂ ಒಂದು ಅನುಕೂಲವಿದೆ: ಹಳಿ ಬೀಳುವ ಮೊದಲಿನ ಊರನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. 1990ರಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಗಿ, ಇ. ಶ್ರೀಧರನ್ ಅವರ ನೇತೃತ್ವದಲ್ಲಿ ಕೆಲಸ ಸಾಗಿ, ಇಡೀ ಮಾರ್ಗ ಸಂಚಾರಕ್ಕೆ ತೆರೆದದ್ದು 1998ರ ಜನವರಿ 26ರಂದು. ಆಗ ಐವತ್ತು ದಾಟಿದ್ದವರಿಗೆ ಈಗ ಎಂಬತ್ತರ ಆಸುಪಾಸು ಅಥವಾ ಅದಕ್ಕೂ ಮೇಲಾಯಿತು. ಆದ್ದರಿಂದ ಕಡತ ಹುಡುಕುವ ಮೊದಲು ಅವರ ಮನೆಯ ಜಗಲಿಗೆ ಹೋಗಬೇಕು.

ಅಲ್ಲಿ ಕೂತು ಇಸವಿ ಕೇಳಬೇಡಿ. ಕುಮಟಾ ಸಮೀಪದ ಹಿರಿಯರೊಬ್ಬರನ್ನು ಜಮೀನು ಹೋದ ವರ್ಷ ಯಾವುದೆಂದು ನಾನು ಕೇಳಿದಾಗ ಅವರು ಸುಮ್ಮನಾದರು; ಆ ಸಲದ ಸುಗ್ಗಿಗೆ ಗದ್ದೆಯಲ್ಲಿ ಏನಿತ್ತೆಂದು ಕೇಳಿದ ಮೇಲೆ, ಶೇಂಗಾ ಕೀಳುವ ಮೊದಲೇ ಗೂಟ ಹೊಡೆದದ್ದು, ಒಂದು ಗದ್ದೆ ಎರಡು ತುಂಡಾದದ್ದು, ಮೋರಿಯ ಕೆಳಗೆ ಎಮ್ಮೆ ಮೊದಲ ಸಲ ಹೆದರಿ ನಿಂತದ್ದು ಎಲ್ಲವೂ ಒಂದೊಂದಾಗಿ ಬಂದವು. ಮುಂಬಯಿಗೆ ಹೋಗುವವರು ಹುಬ್ಬಳ್ಳಿಯವರೆಗೆ ಬಸ್ಸಿನಲ್ಲಿ ಘಟ್ಟ ಹತ್ತುತ್ತಿದ್ದ ದಿನಗಳನ್ನೂ ಕೇಳಿ. ಜಮೀನು ಕೊಟ್ಟವರ ಮಾತು ಸೇರದ ನಿಲ್ದಾಣದ ಚರಿತ್ರೆ ನನ್ನ ದೃಷ್ಟಿಯಲ್ಲಿ ಅಪೂರ್ಣ.

ಕೇಳಿದ್ದನ್ನು ಆಮೇಲೆ ಕಾಗದದೊಂದಿಗೆ ತಾಳೆ ನೋಡಬೇಕು. ಸರ್ವೆ ನಂಬರು ತಿಳಿದರೆ ಹಳೆಯ ಪಹಣಿ ಮತ್ತು ಹಕ್ಕು ಬದಲಾವಣೆಯ ದಾಖಲೆಗಳ ನಕಲಿಗೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡಬಹುದು. 1894ರ ಭೂಸ್ವಾಧೀನ ಕಾಯ್ದೆಯ 4 ಮತ್ತು 6ನೇ ಕಲಮುಗಳ ಅಡಿಯ ಅಧಿಸೂಚನೆಗಳಿಗಾಗಿ ರಾಜ್ಯಪತ್ರದ ಹಳೆಯ ಸಂಚಿಕೆಗಳನ್ನು ನೋಡಿ. ಜಮೀನು ಹೋದ ಕಾಲ ಅಲ್ಲಿ ಖಚಿತವಾಗುತ್ತದೆ. ಗ್ರಾಮ ನಕಾಶೆಯ ಮೇಲೆ ಹಳಿಯ ಗೆರೆ ಎಳೆದು ನೋಡಿದರೆ ಯಾವ ಕಾಲುದಾರಿ ಕಡಿಯಿತು, ಕಾರವಾರದ ನಿಲ್ದಾಣ ಪೇಟೆ ಬಿಟ್ಟು ಶಿರವಾಡದಲ್ಲಿರುವಂತೆ ನಿಮ್ಮ ನಿಲ್ದಾಣ ಪೇಟೆಯಿಂದ ಎಷ್ಟು ದೂರ ಬಿತ್ತು ಎಂಬುದೂ ಕಾಣುತ್ತದೆ.

ನಿಲ್ದಾಣದಲ್ಲಿ ಸ್ಟೇಷನ್ ಮಾಸ್ತರರ ಅನುಮತಿ ಪಡೆದೇ ಫೋಟೋ ತೆಗೆಯಿರಿ. ಹಳದಿ ಫಲಕದ ಮೇಲಿನ ಸಮುದ್ರಮಟ್ಟದ ಎತ್ತರವನ್ನೂ ಉದ್ಘಾಟನೆಯ ಕಲ್ಲು ಇದ್ದರೆ ಅದರ ಬರಹವನ್ನೂ ಅಕ್ಷರಶಃ ಬರೆದುಕೊಳ್ಳಿ. ಹೊನ್ನಾವರದವರಾದರೆ ಎರಡು ಕಿಲೋಮೀಟರಿಗೂ ಉದ್ದದ ಶರಾವತಿ ಸೇತುವೆಗೆ ಪ್ರತ್ಯೇಕ ಅಧ್ಯಾಯವನ್ನೇ ಇಡಬೇಕು. ಅದನ್ನು ನೋಡಲು ಹಳಿಯ ಮೇಲೆ ನಡೆಯಬೇಡಿ, ಹೊಳೆಯ ದಂಡೆಯಿಂದಲೇ ಸೇತುವೆ ಚೆನ್ನಾಗಿ ಕಾಣುತ್ತದೆ.

ಬರೆದು ಮುಗಿದ ಮೇಲೆ ಅದೇ ಜಗಲಿಗೆ ಮರಳಿ, ಮಾತು ಕೊಟ್ಟವರಿಗೆ ಓದಿ ಹೇಳಿ, ಅವರು ತಿದ್ದಿದ್ದನ್ನು ತಿದ್ದಿಕೊಂಡು, ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೆ ಕೊಡಿ.