ಹನ್ನೊಂದು ವರ್ಷದ ಎಚ್61 ಬೋರ್ಡಿನಲ್ಲಿ ಎನ್‌ವಿಎಂಇ ಬೂಟ್ ಮಾಡಿಸಿದೆ

ಬೂಟ್ ಆಯಿತು. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ "ಆಗಲ್ಲ ಬಿಡಪ್ಪಾ" ಅಂದವರು ಒಬ್ಬಿಬ್ಬರಲ್ಲ. 2012ರಲ್ಲಿ ತಗೊಂಡ ಎಚ್61 ಬೋರ್ಡು (ಇಂಟೆಲ್‌ನ ಎಚ್61 ಚಿಪ್‌ಸೆಟ್ ಇರುವ ಮದರ್‌ಬೋರ್ಡು), ಅದರ ಗ್ರಾಫಿಕ್ಸ್ ಸ್ಲಾಟಿನಲ್ಲಿ ಎನ್‌ವಿಎಂಇ ಡ್ರೈವು (ಮಾಮೂಲಿ ಸಾಟಾ ಕೇಬಲ್ ಬಿಟ್ಟು, ಕಾರ್ಡುಗಳನ್ನು ಕೂರಿಸುವ ಪಿಸಿಐಇ ದಾರಿ ಹಿಡಿಯುವ ವೇಗದ ಎಸ್‌ಎಸ್‌ಡಿ), ಪವರ್ ಒತ್ತಿದ 20 ಸೆಕೆಂಡಿಗೆಲ್ಲ ಡೆಸ್ಕ್‌ಟಾಪ್. ಮುಂಚೆ ಹಾರ್ಡ್‌ಡಿಸ್ಕ್ ಇದ್ದಾಗ ಪವರ್ ಒತ್ತಿ, ಅಂಗಡಿ ಮುಂದೆ ನೀರು ಹಾಕಿ, ದೇವರ ಫೋಟೋಗೆ ಊದುಬತ್ತಿ ಹಚ್ಚಿ ಬಂದರೂ ಆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು.

ನನ್ನದು ತಿಪಟೂರಿನಲ್ಲಿ ಆಲ್ಬಂ ಡಿಸೈನ್ ಅಂಗಡಿ. ಮದುವೆ ಆಲ್ಬಂ ಮಾಡುವವರಿಗೆ ಗೊತ್ತಿರುತ್ತದೆ, 12×36 ಇಂಚಿನ ಒಂದು ಶೀಟು 300 ಡಿಪಿಐಯಲ್ಲಿ ಅಂದರೆ ಒಂದು ಪೂರ್ತಿ ಲೇಯರೇ 110 ಎಂಬಿ ದಾಟುತ್ತದೆ. ಹತ್ತು ಲೇಯರ್ ಹಾಕಿ, ಮೇಲೆ ಎರಡು ಮಾಸ್ಕ್ ಹಾಕಿದರೆ 8 ಜಿಬಿ ರ‍್ಯಾಮ್ ಎಲ್ಲಿ ಸಾಲುತ್ತದೆ? ಎಲ್ಲ ಸ್ಕ್ರ್ಯಾಚ್ ಡಿಸ್ಕಿಗೆ (ಮೆಮೊರಿ ತುಂಬಿದಾಗ ಸಾಫ್ಟ್‌ವೇರ್ ಡಿಸ್ಕಿನಲ್ಲಿ ಬಳಸುವ ತಾತ್ಕಾಲಿಕ ಜಾಗ) ಹೋಗುತ್ತದೆ, ನಾವು ಟೀ ಕುಡಿಯಲು ಹೋಗುತ್ತೇವೆ.

"ಸಾಟಾ ಎಸ್‌ಎಸ್‌ಡಿ ಹಾಕಬಹುದಿತ್ತಲ್ಲ" ಅಂತ ಕೇಳುತ್ತೀರಿ, ಗೊತ್ತು. ಎಚ್61ರಲ್ಲಿ ಇರುವ ನಾಲ್ಕೂ ಸಾಟಾ ಪೋರ್ಟು 3 ಗಿಗಾಬಿಟ್‌ನವು. ಎಂಥ ಎಸ್‌ಎಸ್‌ಡಿ ಹಾಕಿದರೂ ಸೆಕೆಂಡಿಗೆ 270 ಎಂಬಿಯ ಹತ್ತಿರ ನಿಂತುಬಿಡುತ್ತದೆ. ಬೂಟ್‌ಗೆ ಅಷ್ಟು ಸಾಕು, ಒಪ್ಪುತ್ತೇನೆ. ಸ್ಕ್ರ್ಯಾಚ್‌ಗೆ ಸಾಲದು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನ ಮೆಷಿನ್ನಿನಲ್ಲಿ ಆ ಉದ್ದನೆಯ 16 ಲೇನಿನ (ಡೇಟಾ ಓಡುವ ಓಣಿಗಳ) ಸ್ಲಾಟು ಹನ್ನೊಂದು ವರ್ಷದಿಂದ ಧೂಳು ತಿನ್ನುತ್ತಾ ಕೂತಿತ್ತು. ಅದು ನೇರ ಪ್ರೊಸೆಸರಿಗೇ ಹೋಗುವ ದಾರಿ. ಸುಮ್ನೆ ಬಿಡುವುದು ಯಾಕೆ?

ಇದನ್ನು ಬಿಡಿಭಾಗದ ಅಂಗಡಿಯ ಗೆಳೆಯನಿಗೆ ಹೇಳಿದರೆ, "ಲೂನಾಗೆ ಬುಲೆಟ್ ಇಂಜಿನ್ ಕೂರಿಸ್ತೀಯಾ?" ಅಂತ ನಕ್ಕ. ಆಮೇಲೆ 38 ಸಾವಿರದ ಹೊಸ ಸಿಸ್ಟಂನ ಕೊಟೇಶನ್ ಬರೆದುಕೊಟ್ಟ. ಆ ಚೀಟಿ ಇನ್ನೂ ಇಟ್ಟುಕೊಂಡಿದ್ದೇನೆ.

ಕೈ ಹಾಕಿದ್ದು 2023ರ ಆಷಾಢದಲ್ಲಿ. ಆ ವರ್ಷ ಆಷಾಢದ ಬೆನ್ನಿಗೇ ಅಧಿಕ ಶ್ರಾವಣವೂ ಬಂತು. ಎರಡು ತಿಂಗಳು ಮದುವೆ ಇಲ್ಲ, ಆಲ್ಬಂ ಇಲ್ಲ. ಬೋರ್ಡ್ ಹಾಳು ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಮುಹೂರ್ತ ಸಿಗುತ್ತಾ?

ಮೊದಲ ತಪ್ಪು ದುಡ್ಡಿನದು. ಅವಸರದಲ್ಲಿ ತರಿಸಿದ್ದು ಎಂ.2 (ಚಪ್ಪಟೆ ಪಟ್ಟಿ ಆಕಾರದ) ಡ್ರೈವೇ, ಆದರೆ ಎನ್‌ವಿಎಂಇ ಅಲ್ಲ, ಸಾಟಾ ಎಂ.2. ಅಂಚಿನಲ್ಲಿ ಒಂದರ ಬದಲು ಎರಡು ಕಚ್ಚು ಇರುವುದನ್ನು ನೋಡಿಯೂ ನೋಡಲಿಲ್ಲ. ಎಂ.2 ಡ್ರೈವನ್ನು ಸ್ಲಾಟಿಗೆ ಹೊಂದಿಸುವ ಅಡಾಪ್ಟರಿಗೆ ಸಿಕ್ಕಿಸಿದೆ, ಕೂತಿತು, ಆದರೆ ಯಾವ ಕಡೆಯೂ ಕಾಣಿಸುವುದಿಲ್ಲ. ಎರಡು ದಿನ ಬಯಾಸನ್ನು (ಪವರ್ ಒತ್ತಿದಾಗ ಮೊದಲು ಓಡುವ, ಬೋರ್ಡಿನ ಚಿಪ್ಪಿನಲ್ಲಿರುವ ಸಾಫ್ಟ್‌ವೇರ್) ಬೈದೆ. ಪಾಪ, ಅದರದ್ದೇನೂ ತಪ್ಪಿರಲಿಲ್ಲ. ಕೊನೆಗೆ ಅದನ್ನು ಒಬ್ಬರ ಲ್ಯಾಪ್‌ಟಾಪಿಗೆ ಹಾಕಿಕೊಟ್ಟು 300 ರೂಪಾಯಿ ನಷ್ಟದಲ್ಲಿ ಕೈ ತೊಳೆದುಕೊಂಡೆ. ಆಮೇಲೆ ಸರಿಯಾದ 500 ಜಿಬಿ ಎನ್‌ವಿಎಂಇ, 2,700ರ ಆಸುಪಾಸು. ಹಾಕಿದ ತಕ್ಷಣ ವಿಂಡೋಸ್ 10ರ ಒಳಗೆ ಕಾಣಿಸಿತು. ಬೂಟ್ ಮೆನುವಿನಲ್ಲಿ ಮಾತ್ರ ಇಲ್ಲ. ಅದು ನಿರೀಕ್ಷೆ ಇದ್ದದ್ದೇ, ಇಷ್ಟು ಹಳೇ ಬಯಾಸಿಗೆ ಎನ್‌ವಿಎಂಇ ಗುರುತೇ ಸಿಗುವುದಿಲ್ಲ.

ಬಯಾಸ್ ಫೈಲಿಗೆ ಎನ್‌ವಿಎಂಇಯ ಡಿಎಕ್ಸ್‌ಇ ಡ್ರೈವರ್ (ಬೂಟ್ ಆಗುವಾಗಲೇ ಆ ಡ್ರೈವನ್ನು ಗುರುತಿಸಲು ಬಯಾಸಿಗೆ ಬೇಕಾದ ತುಣುಕು) ಸೇರಿಸುವುದು ಗೊತ್ತಿದ್ದವರಿಗೆ ಯುಇಎಫ್‌ಐ ಟೂಲಿನಲ್ಲೋ ಎಂಎಂ ಟೂಲಿನಲ್ಲೋ (ಎರಡೂ ಬಯಾಸ್ ಫೈಲು ತಿದ್ದುವ ಸಾಫ್ಟ್‌ವೇರುಗಳು) ಐದು ನಿಮಿಷದ ಕೆಲಸ. ಆ ಐದು ನಿಮಿಷ ನನಗೆ ಮೂರು ವಾರ ತಿನ್ನಿಸಿತು. ನನ್ನ ಬೋರ್ಡಿನ ಬಯಾಸ್ ಚಿಪ್ 4 ಎಂಬಿ. ಅದರಲ್ಲಿ ಒಂದೂವರೆ ಎಂಬಿ ಇಂಟೆಲ್ ಎಂಇ (ಚಿಪ್‌ಸೆಟ್ಟಿನ ಒಳಗೇ ಓಡುವ ಇಂಟೆಲ್‌ನ ಸಾಫ್ಟ್‌ವೇರ್) ತಿಂದುಕೊಂಡು, ಬಯಾಸಿಗೆ ಉಳಿಯುವುದು ಎರಡೂವರೆ. ತುಂಬಿದ ಬಸ್ಸಿಗೆ ಇನ್ನೊಬ್ಬನನ್ನು ಹತ್ತಿಸಿದ ಹಾಗೆ. ಎಂಎಂ ಟೂಲು ಜಾಗ ಇಲ್ಲ ಅಂತ ಮುಖದ ಮೇಲೇ ಹೇಳಿತು. ಯುಇಎಫ್‌ಐ ಟೂಲು ಏನೂ ಹೇಳದೆ ಸೇರಿಸಿಕೊಂಡಿತು. ಖುಷಿಪಟ್ಟೆ, ಅಲ್ವಾ? ಬೋರ್ಡಿನ ಸ್ವಂತ ಅಪ್‌ಡೇಟ್ ಮೆನು ಈ ಫೈಲನ್ನು ಮುಟ್ಟಲೂ ಒಪ್ಪಲಿಲ್ಲ, ಹಾಗಾಗಿ ಹಳೇ ಕಮಾಂಡ್ ಪರದೆಯ ಡಾಸ್‌ನಿಂದ ಒತ್ತಾಯವಾಗಿ ಚಿಪ್ಪಿಗೆ ಬರೆದೆ, ಅಂದರೆ ಫ್ಲ್ಯಾಶ್ ಮಾಡಿದೆ.

ರೀಸ್ಟಾರ್ಟ್. ಫ್ಯಾನ್ ತಿರುಗುತ್ತದೆ, ಮೂರು ಸೆಕೆಂಡಿಗೆ ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಪರದೆ ಕಪ್ಪು. ಹೊಟ್ಟೆಯಲ್ಲಿ ಆಗುವ ಆ ಸಂಕಟ ಫ್ಲ್ಯಾಶ್ ಮಾಡಿದವರಿಗೆಲ್ಲ ಗೊತ್ತು. ಬರೆಯುವ ಮುಂಚೆ ಡಾಸ್‌ನಲ್ಲೇ ಬಯಾಸಿನ ಬ್ಯಾಕಪ್ ತಗೊಂಡಿದ್ದೆ, ಹೌದು. ಇಟ್ಟಿದ್ದು ಅದೇ ಸತ್ತ ಮೆಷಿನ್ನಿನ ಡಿಸ್ಕಿನಲ್ಲಿ. ಡಿಸ್ಕ್ ಬಿಚ್ಚಿ ಲ್ಯಾಪ್‌ಟಾಪಿಗೆ ಹಾಕಿ ಫೈಲು ತೆಗೆಯುವುದೇ ಒಂದು ಸಂಜೆಯ ಕೆಲಸ ಆಯಿತು.

ಸಿಎಚ್341ಎ ಪ್ರೋಗ್ರಾಮರ್ (ಚಿಪ್ಪನ್ನು ನೇರವಾಗಿ ಓದಿ ಬರೆಯುವ ಯುಎಸ್‌ಬಿ ಸಾಧನ) ಮತ್ತು ಚಿಪ್ಪಿಗೆ ಕಚ್ಚಿಸುವ ಕ್ಲಿಪ್, ಎರಡೂ ಸೇರಿ 550 ರೂಪಾಯಿ. ಚಿಪ್ಪು ಸಾಕೆಟ್ಟಿನಲ್ಲಿ ಇರುವವರು ಪುಣ್ಯವಂತರು, ನನ್ನದು ಬೋರ್ಡಿಗೇ ಬೆಸುಗೆ. ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಚಿಪ್ಪಿನ ಚುಕ್ಕಿಯ ಕಡೆಗೆ ಕೆಂಪು ವೈರು ಬರುವ ಹಾಗೆ ಕ್ಲಿಪ್ ಕೂರಿಸಿ, ಕೈ ಬಿಟ್ಟರೆ ಟಪ್ ಅಂತ ಹಾರುತ್ತದೆ. ಕೂತಾಗ ಓದಿದರೆ ಪೂರ್ತಿ ಎಫ್ಎಫ್, ಎಫ್ಎಫ್, ಎಫ್ಎಫ್, ಅಂದರೆ ಖಾಲಿ. ಬೋರ್ಡಿಗೆ ಪವರ್ ಕೊಡುವ 24 ಪಿನ್ ಕೇಬಲ್ ಕಿತ್ತೆ, ಬ್ಯಾಟರಿ ತೆಗೆದೆ, ಅದೇ ಎಫ್ಎಫ್. ಕೊನೆಗೆ ಕಣ್ಣಿಗೆ ಬಿದ್ದಿದ್ದು ಚಿಪ್ಪಿನ ಕಾಲುಗಳ ಮೇಲೆ ತೆಳ್ಳಗೆ ಕೂತಿದ್ದ ಹಳದಿ ಜಿಡ್ಡು. ಹಳೇ ಹಲ್ಲುಜ್ಜುವ ಬ್ರಷ್‌ಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಎಂಟೂ ಕಾಲು ಉಜ್ಜಿದೆ. ಮತ್ತೆ ಕ್ಲಿಪ್. ಅಂಕಿಗಳು ಬಂದವು! ಮೂರು ಸಲ ಓದಿ ಹೋಲಿಸಿದೆ, ಎರಡು ಒಂದೇ ಇದ್ದವು, ಒಂದು ಬೇರೆ. ನಾಲ್ಕನೆಯ ಸಲ ಓದಿದ್ದು ಆ ಎರಡಕ್ಕೆ ಹೊಂದಿತು. ಒಂದೇ ಸಲ ಓದಿ ಬರೆಯುವವರು ಧೈರ್ಯವಂತರು, ನಾನಲ್ಲ. ಇನ್ನೊಂದು ಮಾತು, ಆ ಕಪ್ಪು ಪ್ರೋಗ್ರಾಮರ್ ಡೇಟಾ ಕಾಲುಗಳಿಗೆ 5 ವೋಲ್ಟ್ ಬಿಡುತ್ತದೆ, ಚಿಪ್ಪು 3.3ರದ್ದು. ನಾನು ಒಂದು ಕಾಲು ಎತ್ತಿ ವೈರ್ ಎಳೆದು ಸರಿ ಮಾಡಿಕೊಂಡೆ.

ಡಾಸ್ ಬ್ಯಾಕಪ್ ಬರೀ ಬಯಾಸ್ ಭಾಗದ್ದು. ಅದನ್ನು ಚಿಪ್ಪಿನಿಂದ ಓದಿದ 4 ಎಂಬಿ ಫೈಲಿನ ಕೊನೆಯ ಎರಡೂವರೆ ಎಂಬಿ ಜಾಗಕ್ಕೆ ಹೆಕ್ಸ್ ಎಡಿಟರಿನಲ್ಲಿ (ಫೈಲಿನ ಬೈಟುಗಳನ್ನೇ ತಿದ್ದುವ ಸಾಫ್ಟ್‌ವೇರ್) ಕೂರಿಸಿ ಬರೆದೆ. ಬೋರ್ಡು ಎದ್ದಿತು. ರಾತ್ರಿ ಹನ್ನೊಂದೂವರೆ. ಮನೆಯಿಂದ ನಾಲ್ಕು ಮಿಸ್ ಕಾಲ್.

ಸತ್ತಿದ್ದು ಯಾಕೆ? ಹಳೇ ಫೈಲು, ಹೊಸ ಫೈಲು ಎರಡನ್ನೂ ಅಕ್ಕಪಕ್ಕ ತೆರೆದು ನೋಡಿದಾಗ ಗೊತ್ತಾಯಿತು, ಮೂಲದಲ್ಲಿದ್ದ ಒಂದು ಪ್ಯಾಡ್ ಫೈಲ್ (ಮುಂದಿನ ಭಾಗಗಳು ತಮ್ಮ ಜಾಗದಲ್ಲೇ ಕೂರಲು ನಡುವೆ ತುಂಬಿಸುವ ಫೈಲು) ಹೊಸದರಲ್ಲಿ ಮಾಯ. ಜಾಗ ಮಾಡಿಕೊಳ್ಳಲು ಟೂಲು ಅದನ್ನು ನುಂಗಿಬಿಟ್ಟಿತ್ತು. ಹಾಗಾಗಿ ಡ್ರೈವರಿನ ಚಿಕ್ಕ ಆವೃತ್ತಿ ತಗೊಂಡೆ, ಬೇಡದ ಒಂದು ಮಾಡ್ಯೂಲನ್ನು ಮನೆಯಿಂದ ಆಚೆ ಕಳಿಸಿದೆ. ಯಾವುದನ್ನು ತೆಗೆದೆ, ಪ್ಯಾಡ್ ಹೇಗೆ ಉಳಿಸಿಕೊಂಡೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅದರಿಂದ ಈಗ ನಾಲ್ಕು ಕಾಸು ಬರುತ್ತಿದೆ. ಇಷ್ಟು ಮಾತ್ರ ಹೇಳುತ್ತೇನೆ, ಸೇವ್ ಮಾಡಿದ ಫೈಲನ್ನು ಮತ್ತೆ ತೆರೆದು ಮೂಲದ ಜೊತೆ ಸಾಲು ಸಾಲಾಗಿ ಹೋಲಿಸದೆ ಬರೆಯಬೇಡಿ. ನೆಟ್‌ನಲ್ಲಿ ಸಿಗುವ ಫೈಲಿಗಿಂತ ನಿಮ್ಮದೇ ಚಿಪ್ಪಿನಿಂದ ಓದಿದ್ದನ್ನು ತಿದ್ದಿ. ಸೀರಿಯಲ್ ನಂಬರು, ಯುಯುಐಡಿ (ಬೋರ್ಡಿನ ಗುರುತಿನ ಸಂಖ್ಯೆ) ಎಲ್ಲ ಅಲ್ಲೇ ಉಳಿಯುತ್ತವೆ.

ಎರಡನೇ ಸಲ ಬರೆದಾಗ ಬೂಟ್ ಮೆನುವಿನಲ್ಲಿ "ಪಾಟಾ ಎಸ್ಎಸ್" ಅಂತ ಒಂದು ವಿಚಿತ್ರ ಹೆಸರು. ಅದೇ ನಮ್ಮ ಡ್ರೈವು! ಪಾಟಾ ಅಂದರೆ ಸಾಟಾಗೂ ಹಿಂದಿನ ಕಾಲದ ಅಗಲ ಕೇಬಲ್, ಅದನ್ನು ನೋಡಿ ಎಷ್ಟೋ ಕಾಲ ಆಗಿತ್ತು. ಬಯಾಸಿನಲ್ಲಿ ಸ್ಟೋರೇಜ್ ಆಪ್ಷನ್ ರಾಮನ್ನು (ಡ್ರೈವಿನಿಂದ ಬೂಟ್ ಮಾಡಿಸುವ ಪುಟ್ಟ ಕೋಡ್) ಯುಇಎಫ್‌ಐ (ಹೊಸ ಬಗೆಯ ಬಯಾಸ್) ಮಾತ್ರ ಅಂತ ಮಾಡಿ, ಪೆನ್‌ಡ್ರೈವ್ ಜಿಪಿಟಿಗೆ (ಯುಇಎಫ್‌ಐ ಬೂಟಿಗೆ ಬೇಕಾದ ಡಿಸ್ಕ್ ವಿಭಜನೆಯ ಮಾದರಿ) ತಯಾರು ಮಾಡಿ ವಿಂಡೋಸ್ ಹಾಕಿದೆ. ಆದರೂ ಒಂದು ಎಡವಟ್ಟು. ಹಳೇ ಹಾರ್ಡ್‌ಡಿಸ್ಕ್ ಜೋಡಿಸಿಯೇ ಬಿಟ್ಟಿದ್ದೆ. ಅದರಲ್ಲಿ ಯಾವಾಗಲೋ ಮಾಡಿದ್ದ ಇಎಫ್‌ಐ ಪಾರ್ಟಿಶನ್ (ಬೂಟ್ ಫೈಲುಗಳ ಭಾಗ) ಇತ್ತು, ಇನ್‌ಸ್ಟಾಲರ್ ಬೂಟ್ ಮ್ಯಾನೇಜರನ್ನು ಅಲ್ಲಿಗೇ ಬರೆಯಿತು. ಡಿಸ್ಕ್ ತೆಗೆದರೆ ಬೂಟ್ ಇಲ್ಲ. ಎಲ್ಲ ಸಾಟಾ ಕೇಬಲ್ ಕಿತ್ತು, ವಿಂಡೋಸನ್ನು ಎರಡನೇ ಸಲ ಹಾಕಿದೆ.

ವೇಗ (ಸೆಕೆಂಡಿಗೆ ಎಂಬಿ ಲೆಕ್ಕದಲ್ಲಿ). ಹಳೇ ಐ3-2120 ಪ್ರೊಸೆಸರ್ ಇದ್ದಾಗ ಸ್ಲಾಟು ಎರಡನೇ ತಲೆಮಾರಿನ ಪಿಸಿಐಇ, ಓದುವ ವೇಗ 1,600ರ ಹತ್ತಿರ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಐ5-3470 ಸುಮಾರು 1,400 ರೂಪಾಯಿಗೆ ಸಿಕ್ಕಿತು, ಹಾಕಿದ ಮೇಲೆ ಅದೇ ಸ್ಲಾಟು ಮೂರನೇ ತಲೆಮಾರಿನದಾಗಿ ವೇಗ 3,000 ದಾಟಿತು. ನಿಜ ಹೇಳಬೇಕೆಂದರೆ 1,600ಕ್ಕೂ 3,000ಕ್ಕೂ ಕೆಲಸದಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ. ಐ5ನ ಎರಡು ಹೆಚ್ಚಿನ ಕೋರ್ ಮಾತ್ರ ಚೆನ್ನಾಗಿ ಗೊತ್ತಾಯಿತು. 40 ಶೀಟಿನ ಆಲ್ಬಂ ಎಕ್ಸ್‌ಪೋರ್ಟ್ ಮಾಡಲು ಮುಂಚೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಈಗ ಹನ್ನೆರಡು ಹದಿಮೂರು ನಿಮಿಷ. ಒಟ್ಟು ಖರ್ಚು, ಅಡಾಪ್ಟರಿನ 350, ಹೆಚ್ಚುವರಿ ಖಾಲಿ ಚಿಪ್ಪು ಎರಡು, ಆ ಮೊದಲ ನಷ್ಟ ಎಲ್ಲ ಸೇರಿ ಐದೂವರೆ ಸಾವಿರದ ಆಸುಪಾಸು. 38 ಸಾವಿರದ ಚೀಟಿ ನೆನಪಿದೆಯಲ್ಲ?

ಹುಚ್ಚು ಅಲ್ಲಿಗೆ ನಿಲ್ಲಲಿಲ್ಲ. ಚಿಕ್ಕ ಒಂದು ಲೇನಿನ ಸ್ಲಾಟಿನ ತುದಿಯನ್ನು ಬಿಸಿ ಬ್ಲೇಡಿನಿಂದ ಕತ್ತರಿಸಿ ಅಡಾಪ್ಟರ್ ತೂರಿಸಿ ನೋಡಿದೆ. ನಡೆಯಿತು, ವೇಗ 390 ಚಿಲ್ಲರೆ. ಹೊಸ ಬೋರ್ಡಿನ ಸಾಟಾಗಿಂತ ಕಡಿಮೆ, ನನ್ನ ಸಾಟಾಗಿಂತ ಜಾಸ್ತಿ. ಆಮೇಲೆ ಮೂಲೆಯಲ್ಲಿದ್ದ, ಇನ್ನೂ ಹಳೆಯ ಜಿ41 ಬೋರ್ಡಿಗೆ ಕೈ ಹಾಕಿದೆ. ಅದರಲ್ಲಿ ಯುಇಎಫ್‌ಐಯೇ ಇಲ್ಲ, ಹಾಗಾಗಿ ಪೆನ್‌ಡ್ರೈವಿನಲ್ಲಿ ಕ್ಲೋವರ್ (ಯುಇಎಫ್‌ಐ ಇಲ್ಲದ ಬೋರ್ಡಿಗೂ ಅದನ್ನು ಒದಗಿಸುವ ಬೂಟ್‌ಲೋಡರ್) ಹಾಕಿ, ಅದರಲ್ಲೇ ಎನ್‌ವಿಎಂಇ ಡ್ರೈವರ್ ಇಟ್ಟು, ಅಲ್ಲಿಂದ ಡ್ರೈವಿಗೆ ದಾಟಿಸಿದೆ. ವೇಗ 750ರ ತನಕ ಬಂತು. ಒಂದು ದಿನ ಬೂಟ್ ಆಗಲಿಲ್ಲ. ನೋಡಿದರೆ ಅಕ್ಕನ ಮಗ ಆ ಪೆನ್‌ಡ್ರೈವ್ ಕಿತ್ತು, ಫಾರ್ಮ್ಯಾಟ್ ಮಾಡಿ, ಹಾಡು ತುಂಬಿಸಿಕೊಂಡು ಹೋಗಿದ್ದ. ಈಗ ಅದನ್ನು ಕ್ಯಾಬಿನೆಟ್ ಒಳಗಿನ ಯುಎಸ್‌ಬಿ ಪಿನ್ನಿಗೆ ಸಿಕ್ಕಿಸಿ ಮುಚ್ಚಿದ್ದೇನೆ. ಮೊದಲ ಕಾಲದ ಸ್ಯಾಮ್‌ಸಂಗ್ 950 ಪ್ರೊ ಎನ್‌ವಿಎಂಇ ಡ್ರೈವು ಸಿಕ್ಕಿದರೆ ಈ ಗೋಜೇ ಇಲ್ಲ, ಅದರಲ್ಲೇ ಹಳೇ ಬಯಾಸಿಗೆ ಬೇಕಾದ ಆಪ್ಷನ್ ರಾಮ್ ಇದೆ. ಹುಡುಕುತ್ತಿದ್ದೇನೆ.

ಬಗೆಹರಿಯದ್ದು ಒಂದಿದೆ. ಎಚ್61 ಮೆಷಿನ್ನು ಸ್ಲೀಪಿಗೆ ಹೋದರೆ ಎದ್ದ ಮೇಲೆ ಡ್ರೈವು ಕಾಣಿಸುವುದಿಲ್ಲ, ನೀಲಿ ಪರದೆ ಬರುತ್ತದೆ. ವಿಂಡೋಸಿನ ಲಿಂಕ್ ಸ್ಟೇಟ್ ಪವರ್ (ಪಿಸಿಐಇ ವಿದ್ಯುತ್ ಉಳಿತಾಯ) ಆಫ್ ಮಾಡಿದೆ, ಅಡಾಪ್ಟರ್ ಬದಲಿಸಿದೆ, ಆಗಲಿಲ್ಲ. ಸ್ಲೀಪನ್ನೇ ತೆಗೆದುಹಾಕಿದ್ದೇನೆ. ಊಟಕ್ಕೆ ಹೋಗುವಾಗ ಪೂರ್ತಿ ಆಫ್ ಮಾಡಿಯೇ ಹೋಗುತ್ತೇನೆ, ಹೇಗೂ 20 ಸೆಕೆಂಡ್ ತಾನೆ.