ಬಸವನಹುಳುಗಳನ್ನು ಉಳಿಸಿದೆ, ಥ್ರಾಸಲ್ ಹಕ್ಕಿ ಬಂತು

ಇಂಗ್ಲೆಂಡಿನ ವೆಸ್ಟ್ ಬ್ರಾಮ್ವಿಚ್‌ನ ನನ್ನ ಸಣ್ಣ ಹಿತ್ತಲಿಗೆ ಬಸವನಹುಳು ತಿನ್ನುವ ಹಾಡುಹಕ್ಕಿ ಸಾಂಗ್ ಥ್ರಷ್ ಬರಲ್ಲ ಅಂತ ಹಕ್ಕಿ ನೋಡುವ ಗೆಳೆಯರೆಲ್ಲ ಹೇಳಿದ್ದರು. ಬಂತು. ಈ ಬೇಸಿಗೆಯಲ್ಲಂತೂ ಹೆಚ್ಚುಕಡಿಮೆ ದಿನಾ ಬಂತು.

ಮೊದಲ ಎರಡು ವರ್ಷ ಬರೀ ದುಡ್ಡು ಹೋಯಿತು. ತೂಗುಹಾಕುವ ಫೀಡರ್, ಹಕ್ಕಿಗೆ ಹಾಕುವ ಒಣ ಹುಳು (ಮೀಲ್‌ವರ್ಮ್) ಎಲ್ಲ ಸೇರಿ 80 ಪೌಂಡ್ ಹತ್ತಿರ ಆಗಿರಬೇಕು. ಹಾಕಿದ್ದನ್ನೆಲ್ಲ ಸ್ಟಾರ್ಲಿಂಗ್ ಹಕ್ಕಿಗಳು ಹತ್ತೇ ನಿಮಿಷದಲ್ಲಿ ಖಾಲಿ ಮಾಡುತ್ತಿದ್ದವು. ಥ್ರಷ್ ನೆಲದ ಮೇಲೆ ಮೇಯುವ ಹಕ್ಕಿ ಅಲ್ವಾ, ಅದಕ್ಕೆ ಫೀಡರ್ ಯಾಕೆ ಬೇಕು?

ಹೆಸರಿನ ಗೊಂದಲ ಬೇರೆ. ಒಂದು ಜನವರಿಯಲ್ಲಿ, ಗಾಳಿ ಮಳೆ ಹೊಡೆಯುತ್ತಿರುವಾಗಲೇ ಮರದ ತುದಿಯಲ್ಲಿ ಕೂತು ಹಾಡುತ್ತಿದ್ದ ಹಕ್ಕಿಯನ್ನು ರೆಕಾರ್ಡ್ ಮಾಡಿ, ಸಿಕ್ಕಿತು ಅಂತ ಎಲ್ಲರಿಗೂ ಕೇಳಿಸಿದೆ. ಪಕ್ಕದ ಮನೆ ಅಜ್ಜ ಕೇಳಿ, ‘ಅದು ಸ್ಟಾರ್ಮ್‌ಕಾಕ್, ನೀನು ಹುಡುಕ್ತಿರೋದು ಥ್ರಾಸಲ್’ ಅಂದರು. ಸ್ಟಾರ್ಮ್‌ಕಾಕ್ ಅಂದರೆ ಮಿಸಲ್ ಥ್ರಷ್ ಅನ್ನುವ ಬೇರೆ ಹಕ್ಕಿ, ಥ್ರಾಸಲ್ ಅಂದರೆ ನನ್ನ ಸಾಂಗ್ ಥ್ರಷ್. ಇಲ್ಲಿನ ಫುಟ್‌ಬಾಲ್ ತಂಡ ವೆಸ್ಟ್ ಬ್ರಾಮ್ವಿಚ್ ಆಲ್ಬಿಯನ್‌ನ ಲಾಂಛನದಲ್ಲಿ ಹಾಥಾರ್ನ್ ಕೊಂಬೆ ಮೇಲೆ ಕೂತಿರುವುದೇ ಥ್ರಾಸಲ್. ನನ್ನ ಜೊತೆ ಕೆಲಸ ಮಾಡುವ ಸ್ಕಾಟ್ಲೆಂಡಿನವನ ಬಾಯಲ್ಲಿ ಅದೇ ಹಕ್ಕಿ ಮೇವಿಸ್. ಅಜ್ಜ ಕೊಟ್ಟ ಗುರುತು ಸುಲಭ: ಒಂದೊಂದು ತುಣುಕನ್ನೂ ಎರಡು ಮೂರು ಸಲ ಹಾಡಿಯೇ ಮುಂದಿನದಕ್ಕೆ ಹೋಗುತ್ತೆ.

ಮೂರನೇ ವರ್ಷ ಫೀಡರ್ ತೆಗೆದೆ. ಬಸವನಹುಳು ಕೊಲ್ಲಲು ಹಾಕುವ ಸ್ಲಗ್ ಪೆಲೆಟ್ ಪೂರ್ತಿ ನಿಲ್ಲಿಸಿದೆ. ಮೆಟಾಲ್ಡಿಹೈಡ್ ಅನ್ನುವ ವಿಷ ಇರುವ ಪೆಲೆಟನ್ನು ಹೊರಗೆ ಹಾಕುವುದು 2022ರಿಂದ ಇಲ್ಲಿ ನಿಷೇಧ, ಆದರೂ ಹಳೇ ಡಬ್ಬಿ ಖಾಲಿ ಮಾಡುವವರಿದ್ದಾರೆ, ದಯವಿಟ್ಟು ಬೇಡ. ಬೇಲಿಯ ಐವಿ ಬಳ್ಳಿ ಕತ್ತರಿಸಲಿಲ್ಲ, ಉದುರಿದ ಎಲೆ ಗುಡಿಸಲಿಲ್ಲ. ಬಸವನಹುಳು ಸಿಕ್ಕಾಪಟ್ಟೆ ಆದವು, ಮನೆಯವಳ ಕೊತ್ತಂಬರಿ ಪೂರಾ ಹೋಯಿತು. ಒಂದು ಚಪ್ಪಟೆ ಕಲ್ಲು ತಂದಿಟ್ಟೆ. ಯಾವ ಜಾಗದಲ್ಲಿ, ಸುತ್ತ ಏನು ಮಾಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಈ ಮಧ್ಯೆ ಸುಮ್ನೆ ಒಂದು ಪ್ರಯೋಗ. ಒಂದು ಹೂಕುಂಡದ ಕೆಳಗಿದ್ದ ಸುಮಾರು 40 ಬಸವನಹುಳುಗಳ ಚಿಪ್ಪಿಗೆ ಕೆಂಪು ನೈಲ್ ಪಾಲಿಶ್ ಚುಕ್ಕೆ ಇಟ್ಟು ಹಿತ್ತಲಿನ ಆ ತುದಿಗೆ ಬಿಟ್ಟೆ. ವಾರದೊಳಗೆ ಅರ್ಧದಷ್ಟು ಅದೇ ಹೂಕುಂಡದ ಕೆಳಗೆ ವಾಪಸ್!

ಜುಲೈನಲ್ಲಿ ಮಳೆ ನಿಂತು ಮಣ್ಣು ಗಟ್ಟಿಯಾಯಿತು, ಎರೆಹುಳು ಆಳಕ್ಕೆ ಇಳಿದವು. ಆಗ ಬೆಳಿಗ್ಗೆ ಟಕ್ ಟಕ್ ಅಂತ ಸದ್ದು. ಥ್ರಾಸಲ್ ಚಿಪ್ಪಿನ ಅಂಚನ್ನು ಕೊಕ್ಕಲ್ಲಿ ಹಿಡಿದು, ಊರಲ್ಲಿ ಒಗೆಯುವ ಕಲ್ಲಿಗೆ ಬಟ್ಟೆ ಬಡಿಯುತ್ತಾರಲ್ಲ, ಹಾಗೆ ನಾನು ಇಟ್ಟ ಕಲ್ಲಿಗೆ ಬಡಿಯುತ್ತಿತ್ತು. ಚಿಪ್ಪು ಒಡೆದ ಮೇಲೆ ಮಾಂಸವನ್ನು ಹುಲ್ಲಿಗೆ ಒರೆಸಿ ನುಂಗಿತು. ಒಂದೆರಡು ಸಲ ಬ್ಲ್ಯಾಕ್‌ಬರ್ಡ್ ಓಡಿಬಂದು ಕಿತ್ತುಕೊಂಡೂ ಹೋಯಿತು.

ತಿಂಗಳ ಕೊನೆಗೆ ಕಲ್ಲಿನ ಸುತ್ತ ಅರವತ್ತು ಎಪ್ಪತ್ತು ಒಡೆದ ಚಿಪ್ಪು ಆಯ್ದೆ. ಏಳರ ಮೇಲೆ ಕೆಂಪು ಚುಕ್ಕೆ ಇತ್ತು.